ಹತ್ತೊಂಬತ್ತು ಸಲ ತೆಗೆದ ಮುಚ್ಚಳ

ಮೊದಲೇ ಹೇಳಿಬಿಡುತ್ತೇನೆ, ನನಗೆ ಅಡುಗೆ ಬರುವುದಿಲ್ಲ. ಉಪ್ಪು ಒಂದಿಷ್ಟು ಹೆಚ್ಚುಕಮ್ಮಿ ಆಗುತ್ತದೆ ಎಂಬ ವಿನಯದ ಮಾತಲ್ಲ ಇದು. ನಮ್ಮ ಮನೆಯಲ್ಲಿ ಉಪ್ಪು ಯಾವ ಡಬ್ಬಿಯಲ್ಲಿದೆ, ಸಕ್ಕರೆ ಯಾವುದರಲ್ಲಿದೆ ಎಂದು ಇವತ್ತಿಗೂ ನಾನು ನಾಲಿಗೆಗೆ ಹಚ್ಚಿ ನೋಡಿಯೇ ತಿಳಿಯಬೇಕು. ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಕೊನೆಯ ಹನ್ನೊಂದು ವರ್ಷ ವಾರ್ಡಿನ ಮುಖ್ಯಸ್ಥೆ. ಇಪ್ಪತ್ತೆಂಟು ಹಾಸಿಗೆ ನನ್ನ ಕೈಕೆಳಗೆ. ಯಾವ ಹಾಸಿಗೆಗೆ ಯಾವ ಮಾತ್ರೆ, ಯಾರ ಜ್ವರ ಎಷ್ಟಕ್ಕೆ ಇಳಿಯಿತು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಪಟಪಟನೆ ಹೇಳುತ್ತಿದ್ದೆ. ಮನೆಯ ಉಪ್ಪಿನ ವಿಷಯ ಮಾತ್ರ ಕೇಳಬೇಡಿ.

ಅಡುಗೆಮನೆ ನಮ್ಮವರದು. ಅವರು ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಒಂದು ಕಾಲು ಹೊಲಿಗೆ ಯಂತ್ರದ ಮೇಲೆ, ಒಂದು ಕಿವಿ ಕುಕ್ಕರಿನ ಕಡೆ. ಪ್ಯಾಂಟಿನ ಅಂಚು ಮಡಿಸುವ ನಡುವೆ ಎದ್ದು ಹೋಗಿ ಪಲ್ಯಕ್ಕೆ ಒಗ್ಗರಣೆ ಹಾಕಿ ಬರುವ ಮನುಷ್ಯ. ನಾನು ಶಿಫ್ಟ್ ಮುಗಿಸಿ ಬರುವಷ್ಟರಲ್ಲಿ ಊಟ ಮುಗಿದು ಪಾತ್ರೆಯೂ ತೊಳೆದಾಗಿರುತ್ತಿತ್ತು. ನಮಗೆ ಒಬ್ಬಳೇ ಮಗಳು. ಅವಳಿಗೆ ಜ್ವರ ಬಂದರೆ "ಅಮ್ಮಾ" ಎನ್ನುತ್ತಿದ್ದಳು, ಹಸಿವಾದರೆ "ಅಪ್ಪಾ" ಎನ್ನುತ್ತಿದ್ದಳು. ಜ್ವರ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಹಸಿವು ದಿನಕ್ಕೆ ಐದು ಸಲ.

ನಾನು ನಿವೃತ್ತಳಾದ ದಿನ ಆಸ್ಪತ್ರೆಯವರು ಸಣ್ಣದೊಂದು ಸಮಾರಂಭ ಇಟ್ಟುಕೊಂಡಿದ್ದರು. ಮಗಳನ್ನೂ ಎರಡು ಮಾತಾಡಲು ಕರೆದರು. ಅವಳು ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರು ಮಾಡುವವಳು, ಬೇರೆ ಮನೆ ಮಾಡಿಕೊಂಡಿರುವವಳು, ಮಾತು ಚುರುಕು. ಮೈಕು ಹಿಡಿದು, "ನಮ್ಮಮ್ಮ ಈ ಊರಿನ ಅರ್ಧ ಜನಕ್ಕೆ ತನ್ನ ಕೈಯಾರೆ ಮಾತ್ರೆ ತಿನ್ನಿಸಿದ್ದಾಳೆ. ನನಗೆ ಮಾತ್ರ ಇವತ್ತಿನವರೆಗೂ ಒಂದು ತುತ್ತು ಅನ್ನ ಮಾಡಿ ಹಾಕಿಲ್ಲ," ಅಂದಳು. ಇಡೀ ಸಭೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಕ್ಕು, ಕೈ ತೊಳೆದುಕೊಂಡು ಬರುತ್ತೇನೆಂದು ಎದ್ದು ಹೋಗಿ, ನಲ್ಲಿ ಬಿಟ್ಟು ಐದು ನಿಮಿಷ ಸುಮ್ಮನೆ ನಿಂತಿದ್ದೆ. ಮಾತು ಚುಚ್ಚಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದೇ ಹೆಚ್ಚು ಚುಚ್ಚಿತ್ತು.

ಆಗಲೇ ನಿಶ್ಚಯಿಸಿದೆ. ಒಂದು ಸಲ, ಒಂದೇ ಒಂದು ಸಲ, ನನ್ನ ಕೈಯಿಂದ ಬೇಯಿಸಿ ಇವಳಿಗೆ ಹೊಟ್ಟೆ ತುಂಬ ಬಡಿಸಬೇಕು.

ಆದರೆ ಎಲ್ಲಿ? ಅಡುಗೆಮನೆಗೆ ಕಾಲಿಟ್ಟರೆ ನಮ್ಮವರು ಬಾಗಿಲಲ್ಲೇ ಅಡ್ಡ ನಿಂತು, "ಏನು ಬೇಕಿತ್ತು ಹೇಳು, ನಾನು ಕೊಡ್ತೀನಿ," ಅನ್ನುತ್ತಾರೆ, ನಾನೇನೋ ನೆಂಟಳ ಹಾಗೆ. ಹೀಗಿರುವಾಗ ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ಒಂದು ದಿನ ಮನೆಗೆ ಊಟಕ್ಕೆ ಕರೆದ. ಅವನ ಹಿತ್ತಲಲ್ಲಿ ಎದೆಯೆತ್ತರದ ಒಂದು ಕಪ್ಪು ಡಬ್ಬಿ, ಅದರ ನೆತ್ತಿಯಿಂದ ಎಳೆ ಎಳೆಯಾಗಿ ಹೊಗೆ. ಅದು ಸ್ಮೋಕರ್ ಅಂತೆ. ಕೆಳಗೆ ಸಣ್ಣ ಕೆಂಡ, ಕೆಂಡದ ಮೇಲೆ ಎರಡು ತುಂಡು ಸೌದೆ, ಮೇಲೆ ಮಾಂಸ. ಆ ಬಿಸಿಹೊಗೆಯಲ್ಲೇ ಮಾಂಸ ನಿಧಾನವಾಗಿ ಬೇಯುತ್ತದೆ. ತಟ್ಟೆಗೆ ಬಂದದ್ದನ್ನು ಬಾಯಿಗಿಟ್ಟರೆ ಅಗಿಯುವ ಕೆಲಸವೇ ಇಲ್ಲ.

"ಎಷ್ಟು ಹೊತ್ತು ಬೇಕಪ್ಪಾ ಇದಕ್ಕೆ?" ಅಂದೆ.

"ಎಂಟು ಗಂಟೆ, ಸಿಸ್ಟರ್. ಬಿಸಿ ಏರದ ಹಾಗೆ, ಇಳೀದ ಹಾಗೆ ನೋಡ್ಕೊಂಡಿರಬೇಕು, ಅಷ್ಟೇ."

ಎಂಟು ಗಂಟೆ! ಒಂದು ಶಿಫ್ಟ್! ಒಂದೇ ಕಡೆ ಕೂತು ಎಂಟು ಗಂಟೆ ಟೆಂಪರೇಚರ್ ನೋಡಿಕೊಳ್ಳುವುದು ಅಡುಗೆಯಾಗಿದ್ದರೆ, ಅಯ್ಯೋ ದೇವರೇ, ನಾನು ಮೂವತ್ತೆರಡು ವರ್ಷದಿಂದ ಅಡುಗೆಯನ್ನೇ ಮಾಡುತ್ತಿದ್ದೆನಲ್ಲ! ಮಾರನೆಯ ದಿನವೇ ನಮ್ಮವರನ್ನೂ ಮಗಳನ್ನೂ ಕಟ್ಟಿಕೊಂಡು ಅಂಗಡಿಗೆ ಹೊರಟೆ.

ಮುಂಭಾಗದಲ್ಲಿ ಪೈಪು, ಬಕೆಟ್ಟು, ಹುಲ್ಲು ಕತ್ತರಿಸುವ ಯಂತ್ರ ಇಟ್ಟಿರುವ ಅಂಗಡಿ ಅದು. ಸ್ಮೋಕರ್‌ಗಳು ಹಿಂದಿನ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು. ಅಂಗಡಿಯವನು ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವನಿರಬೇಕು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದ.

"ಮೊದಲ್ನೇ ಸಲವಾ, ಮೇಡಂ? ಹಾಗಾದ್ರೆ ಇದನ್ನ ತಗೊಳ್ಳಿ," ಅಂತ ಬೀರುವಿನಂಥ ಒಂದನ್ನು ತೋರಿಸಿದ. ಕರೆಂಟಿನದು. ಮುಂದುಗಡೆ ಗಾಜಿನ ಕಿಟಕಿ, ಬಿಸಿ ಹೆಚ್ಚುಕಮ್ಮಿ ಮಾಡುವ ಒಂದು ತಿರುಪು. "ಪ್ಲಗ್ ಹಾಕಿ, ತಿರುಗಿಸಿ, ಮರೆತುಬಿಡಿ."

ನಮ್ಮವರಿಗೆ ಅದು ತಕ್ಷಣ ಹಿಡಿಸಿತು. "ನನ್ನ ಇಸ್ತ್ರಿ ಪೆಟ್ಟಿಗೆ ಥರಾನೇ ಇದೆ ಕಣೇ. ಇದೇ ಇರ್ಲಿ."

"ಮರೆತುಬಿಡೋಕೆ ನಾನು ಬಂದಿಲ್ಲ," ಅಂದೆ.

ಮಗಳು ಅಷ್ಟರಲ್ಲಿ ಇನ್ನೊಂದರ ಮುಂದೆ ಮೊಕ್ಕಾಂ ಹೂಡಿದ್ದಳು. ಅದಕ್ಕೆ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ಸುರಿದರೆ ಸಾಕು. ಎಷ್ಟು ಬೇಕೋ ಅಷ್ಟನ್ನು ತಾನೇ ಎಳೆದುಕೊಂಡು, ತಾನೇ ಉರಿಸಿಕೊಂಡು, ಬಿಸಿಯನ್ನು ತಾನೇ ನಿಭಾಯಿಸಿ, ಕೊನೆಗೆ ಬೆಂದಾಯಿತೆಂದು ಫೋನಿಗೆ ಸುದ್ದಿ ಕಳಿಸುತ್ತದೆ. "ಅಮ್ಮಾ, ಇದು ಸೂಪರ್. ನೀನು ಟಿವಿ ನೋಡ್ತಾ ಕೂತಿರಬಹುದು."

"ಎಲ್ಲಾ ಅದೇ ಮಾಡಿದ್ರೆ ಅದು ಯಾರ ಕೈ ಅಡುಗೆಯಾಯ್ತೇ? ಅದಕ್ಕೇ ಒಂದು ಸೀರೆ ಉಡಿಸಿ ಅಮ್ಮಾ ಅಂತ ಕರಿ."

ನನ್ನ ದನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ. ಅಂಗಡಿಯವನು ಪೆನ್ಸಿಲು ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡ.

ಮೂಲೆಯಲ್ಲಿ ಅದು ನಿಂತಿತ್ತು. ಸಾದಾ ಕಪ್ಪು ಡ್ರಮ್ಮು. ತಿರುಪಿಲ್ಲ, ಕಿಟಕಿಯಿಲ್ಲ, ಫೋನಿಲ್ಲ. ಕೆಳಗೆ ಇದ್ದಿಲಿನ ಬುಟ್ಟಿ, ಅದರ ಮೇಲೆ ನೀರು ತುಂಬುವ ಒಂದು ತಟ್ಟೆ, ಮೇಲೆ ಎರಡು ಜಾಲರಿ. ಗಾಳಿಗೆ ಬುಡದಲ್ಲಿ ಮೂರು ತೂತು, ನೆತ್ತಿಯಲ್ಲಿ ಒಂದು. ತೆರೆದರೆ ಬಿಸಿ ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ಮುಚ್ಚಳದ ಮೇಲೊಂದು ಗುಂಡು ಥರ್ಮಾಮೀಟರ್. ಥರ್ಮಾಮೀಟರ್ ಕಂಡದ್ದೇ ತಡ, ನನ್ನ ಕೈ ತಾನಾಗಿ ಅಲ್ಲಿಗೆ ಹೋಯಿತು.

"ಮೇಡಂ, ಅದಕ್ಕೆ ಪೂರ್ತಿ ದಿನ ಒಬ್ರು ಕಾಯ್ತಾ ಇರಬೇಕು," ಅಂತ ಅಂಗಡಿಯವನು ರಾಗ ಎಳೆದ.

"ಇದೇ ನನಗೆ ಬೇಕಾಗಿರೋದು."

ನಮ್ಮವರು ಕೊರಳಿನ ಟೇಪು ತೆಗೆದು ಡ್ರಮ್ಮಿನ ಸೊಂಟಕ್ಕೆ ಸುತ್ತಿದರು. "ಐವತ್ತೇಳು ಇಂಚು. ನನ್ನ ಸರ್ವೀಸಲ್ಲಿ ಈ ಅಳತೆಗೆ ಪ್ಯಾಂಟ್ ಹೊಲಿದಿಲ್ಲ. ಹಿತ್ತಲ ಬಾಗಿಲಲ್ಲಿ ಹಿಡಿಸುತ್ತೆ, ತಗೋ."

ಡ್ರಮ್ಮನ್ನು ಗಾಡಿಗೆ ಏರಿಸುವಾಗ ಅಂಗಡಿಯವನು ತನ್ನ ನಂಬರ್ ಬರೆದು ಕೊಟ್ಟು, "ಒಂದೇ ಮಾತು ಮೇಡಂ. ಮುಚ್ಚಳ ಮಾತ್ರ ಪದೇ ಪದೇ ತೆಗೀಬೇಡಿ," ಅಂದ. ಕೇಳಿಸಿಕೊಂಡೆ. ಕಿವಿಗೆ ಹಾಕಿಕೊಳ್ಳಲಿಲ್ಲ. ರೋಗಿಯನ್ನು ನೋಡದೆ ನೋಡಿಕೊಳ್ಳುವುದು ಹೇಗೆ?

ಭಾನುವಾರ ಮಧ್ಯಾಹ್ನ ಒಂದೂವರೆಗೆ ಊಟ ಎಂದು ಮಗಳಿಗೆ ಹೇಳಿದ್ದೆ. ಡಿಪೋದವಳು, ಒಂದೂವರೆ ಅಂದರೆ ಒಂದೂವರೆಯೇ. ಬೆಳಕು ಹರಿಯುತ್ತಿದ್ದಂತೆ ಇದ್ದಿಲು ಹೊತ್ತಿಸಿ, ಬೂದಿ ಹಿಡಿಯುವವರೆಗೆ ಕಾದು, ತಟ್ಟೆಗೆ ನೀರು ತುಂಬಿಸಿ, ಸರಿಯಾಗಿ ಆರು ಗಂಟೆಗೆ ಮಾಂಸ ಒಳಗಿಟ್ಟೆ. ಕುರಿಯ ಭುಜ, ಮೂಳೆ ಸಮೇತ ಮೂರು ಕಿಲೋ; ಇಷ್ಟಕ್ಕೆ ಏಳು ಗಂಟೆ ಸಾಕು ಎಂದಿದ್ದ ಆಂಬುಲೆನ್ಸ್ ಡ್ರೈವರ್. ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಿಂದಿನ ದಿನವೇ ಸವರಿಟ್ಟಿದ್ದೆ. ಉಪ್ಪು ಹೌದೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿಯೂ ನೋಡಿದ್ದೆ.

ಹಿತ್ತಲ ಅಂಗಳದಲ್ಲಿ ಒಂದು ಮಡಚುವ ಕುರ್ಚಿ, ಒಂದು ಸ್ಟೂಲು, ಸ್ಟೂಲಿನ ಮೇಲೆ ಚಾರ್ಟು. ಹೌದು, ಚಾರ್ಟು. ಗೀಟು ಹಾಕಿ ನಾನೇ ತಯಾರಿಸಿದ್ದು: ಸಮಯ, ಡ್ರಮ್ಮಿನ ಬಿಸಿ, ಮಾಂಸದೊಳಗಿನ ಬಿಸಿ, ಷರಾ. ಮಾಂಸಕ್ಕೆ ಚುಚ್ಚಿ ನೋಡಲು ಉದ್ದನೆಯ ಸೂಜಿಯ ಥರ್ಮಾಮೀಟರ್ ಬೇರೆ ತಂದಿದ್ದೆ. ಒಳಗೆ ತೊಂಬತ್ತು ಡಿಗ್ರಿ ದಾಟಿದರೆ ಬೆಂದ ಹಾಗೆ ಎಂದು ಆಂಬುಲೆನ್ಸ್ ಡ್ರೈವರ್ ಹೇಳಿದ್ದ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು, ಮುಚ್ಚಳ ತೆಗೆದು, ಸೂಜಿ ಚುಚ್ಚಿ, ಬರೆದು, ಮುಚ್ಚಿ, ಕೂರುತ್ತಿದ್ದೆ. ಇಷ್ಟು ಖುಷಿಯಾಗಿ ನಾನು ಕೂತು ಎಷ್ಟು ದಿನವಾಗಿತ್ತೋ. ನಮ್ಮವರು ಎರಡು ಸಲ ಬೆರಳ ತುದಿಯಲ್ಲಿ ಚಿಟಿಕೆ ಉಪ್ಪು ಹಿಡಿದು ಬಂದರು. ಎರಡು ಸಲವೂ ವಾಪಸ್ ಕಳಿಸಿದೆ.

ಹತ್ತು ಗಂಟೆಗೆ ಅರವತ್ತೆಂಟು ಡಿಗ್ರಿ. "ಬಿಸಿ ಏರ್ತಾ ಇದೆ!" ಅಂತ ಅಲ್ಲಿಂದಲೇ ಕೂಗಿದೆ. ಹತ್ತೂ ಇಪ್ಪತ್ತಕ್ಕೆ ಅರವತ್ತೆಂಟು. ಹತ್ತೂ ನಲವತ್ತಕ್ಕೆ ಅರವತ್ತೆಂಟು. ಹನ್ನೊಂದಕ್ಕೆ ಅರವತ್ತೇಳು.

ಅರವತ್ತೇಳು! ಇಳಿಯುತ್ತಿದೆ! ಗಾಳಿಯ ತೂತು ಪೂರಾ ತೆರೆದೆ, ಇದ್ದಿಲು ಸೇರಿಸಿದೆ, ಮತ್ತೆ ಚುಚ್ಚಿದೆ. ಅರವತ್ತೆಂಟು. ಹನ್ನೆರಡಾದರೂ ಅರವತ್ತೆಂಟರಿಂದ ಅಲ್ಲಾಡಲಿಲ್ಲ. ಅಷ್ಟರಲ್ಲಿ ಮಗಳು ಬೇಗನೇ ಬಂದಿಳಿದಿದ್ದಳು. ನಮ್ಮ ಅತ್ತೆಯೂ ಕೋಲೂರಿಕೊಂಡು ಹೊರಗೆ ಬಂದರು. ಎಂಬತ್ತೊಂದು ವರ್ಷ, ಬಾಯಲ್ಲಿ ಉಳಿದಿರುವುದು ಐದು ಹಲ್ಲು, ನಾಲಿಗೆಗೆ ಮಾತ್ರ ಒಂದಿಷ್ಟೂ ವಯಸ್ಸಾಗಿಲ್ಲ.

"ಏನಮ್ಮಾ, ನಿನ್ನ ಪೇಶೆಂಟು ಹೇಗಿದೆ?"

"ಸುಧಾರಿಸ್ತಾ ಇಲ್ಲ, ಅತ್ತೆ."

"ಬದುಕೋ ಆಸೆ ಬಿಟ್ಟು ಎಷ್ಟು ದಿನ ಆಯ್ತೋ ಅದಕ್ಕೆ. ಬೇಯೋ ಆಸೆ ಇದೆಯಾ ಕೇಳು."

ಮಗಳು ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ರೋಗಿ ಕೈಮೀರುತ್ತಿದ್ದರೆ ಏನು ಮಾಡುತ್ತೇವೆ? ಡಾಕ್ಟರಿಗೆ ಫೋನ್ ಮಾಡುತ್ತೇವೆ. ಚಾರ್ಟು ಕೈಯಲ್ಲಿ ಹಿಡಿದು ಅಂಗಡಿಯವನಿಗೆ ಫೋನ್ ಮಾಡಿದೆ. ಪಾಪ, ಭಾನುವಾರ, ಊಟಕ್ಕೆ ಕೂತಿದ್ದ. ಆರು ಗಂಟೆಯಿಂದ ಎಲ್ಲ ರೀಡಿಂಗು ಒಂದೂ ಬಿಡದೆ ಓದಿ ಹೇಳಿದೆ.

"ಮೇಡಂ," ಅಂದ, ಬಾಯಲ್ಲಿದ್ದದ್ದನ್ನು ನುಂಗಿ. "ಮುಚ್ಚಳ ಎಷ್ಟು ಸಲ ತೆಗೆದ್ರಿ?"

"ಹತ್ತೊಂಬತ್ತು ಸಲ. ಎಲ್ಲಾ ಬರೆದಿಟ್ಟಿದ್ದೀನಪ್ಪಾ, ಟೈಮ್ ಸಮೇತ."

ಆ ಕಡೆ ತಟ್ಟೆ ಪಕ್ಕಕ್ಕೆ ಸರಿಸಿದ ಸದ್ದು ಕೇಳಿಸಿತು.

"ಮೇಡಂ, ಆ ಹಂತದಲ್ಲಿ ಮಾಂಸ ಬೆವರುತ್ತೆ. ಅದಕ್ಕೇ ಬಿಸಿ ಒಂದೇ ಕಡೆ ನಿಂತುಬಿಡುತ್ತೆ. ಎಲ್ಲರ ಮನೇಲೂ ನಿಲ್ಲುತ್ತೆ. ಕಾದರೆ ತಾನಾಗೇ ಏರುತ್ತೆ. ಆದರೆ ನೀವು ತೆಗೆದಾಗೆಲ್ಲ ಒಳಗಿನ ಬಿಸಿ ಪೂರ್ತಿ ಆಚೆ ಹೋಗ್ತಾ ಇದೆ. ಅದು ಬೇಯ್ತೀನಿ ಅಂತಾನೇ ಇದೆ, ನೀವು ಬಿಡ್ತಾ ಇಲ್ಲ. ಈಗ ಮುಚ್ಚಿ. ನಾಲ್ಕು ಗಂಟೆವರೆಗೂ ಮುಟ್ಟಬೇಡಿ."

"ನಾಲ್ಕು ಗಂಟೆವರೆಗೂ? ಒಂದು ಸಲಾನೂ ನೋಡದೇನೇ?"

"ಒಂದು ಸಲಾನೂ."

ಫೋನ್ ಇಟ್ಟೆ. ವಾರ್ಡಿನಲ್ಲಿ ಗಾಯ ಆರಿತೋ ಇಲ್ಲವೋ ಎಂದು ಘಳಿಗೆಗೊಮ್ಮೆ ಪಟ್ಟಿ ಎತ್ತಿ ನೋಡುವ ಜನಕ್ಕೆ ನಾನು ಬೈಯುತ್ತಿದ್ದ ಬೈಗುಳ ಒಂದೆರಡಲ್ಲ. ಇವತ್ತು ನಾನು ಮಾಡಿದ್ದೂ ಅದನ್ನೇ. ನಾಚಿಕೆಯಾಯಿತು. ಸಾಲದ್ದಕ್ಕೆ ಒಂದೂವರೆಗೆ ಊಟ ಇಲ್ಲ.

ನಮ್ಮವರು ನನ್ನ ಮುಖ ನೋಡಿ ವಿಷಯ ಅರ್ಥ ಮಾಡಿಕೊಂಡರು. ಒಳ್ಳೆಯ ಮನಸ್ಸಿನಿಂದಲೇ ತೋಳು ಮಡಿಸಿಕೊಂಡು, "ಹೋಗ್ಲಿ ಬಿಡು. ಎಲ್ಲರಿಗೂ ಹೊಟ್ಟೆ ತಾಳ ಹಾಕ್ತಿದೆ. ಅರ್ಧ ಗಂಟೇಲಿ ನಾನೇ ಏನಾದ್ರೂ ಮಾಡಿಬಿಡ್ತೀನಿ. ನಿಂದು ಸಾಯಂಕಾಲ ರುಚಿ ನೋಡಿದ್ರಾಯ್ತು," ಅಂದರು.

"ರೀ, ಬೇಡ!"

ಪಕ್ಕದ ಮನೆಯವರ ಗಿಡದಿಂದ ಹಕ್ಕಿ ಹಾರಿಹೋಗುವಷ್ಟು ಜೋರಾಗಿ ಕೂಗಿದ್ದೆ. ಮೂವರೂ ಬೆಪ್ಪಾಗಿ ನನ್ನನ್ನೇ ನೋಡಿದರು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

"ನೀವು ಮಾಡಿದ್ರೆ ಎಲ್ಲರೂ ಹೊಟ್ಟೆ ತುಂಬಾ ತಿಂತಾರೆ. ಆಮೇಲೆ ನಂದನ್ನ ಒಂದು ಚೂರು ಬಾಯಿಗೆ ಹಾಕ್ಕೊಂಡು ಚೆನ್ನಾಗಿದೆ ಅಂತಾರೆ. ನನಗೆ ಅದು ಬೇಡ." ಮಗಳ ಕಡೆ ತಿರುಗಿದೆ. "ಒಂದು ತುತ್ತು ಮಾಡಿ ಹಾಕಿಲ್ಲ ಅಂದ್ಯಲ್ಲ ಮೈಕಲ್ಲಿ. ಇವತ್ತು ಹಾಕ್ಬೇಕು ಅಂತಿದ್ದೆ ಕಣೇ."

ಅವಳ ಮುಖ ಬಾಡಿತು. "ಅಮ್ಮಾ, ಅದು ತಮಾಷೆಗೆ ಹೇಳಿದ್ದು."

"ತಮಾಷೆ ಅಂತ ಗೊತ್ತು. ನಿಜ ಅಂತಾನೂ ಗೊತ್ತು."

ಡ್ರಮ್ಮಿನ ಒಳಗೆ ಒಂದು ಹನಿ ಕೊಬ್ಬು ನೀರಿಗೆ ಬಿದ್ದ ಸದ್ದು ಕೇಳಿಸಿತು. ಮಗಳು ಒಳಗೆ ಹೋದಳು. ಸಿಟ್ಟು ಮಾಡಿಕೊಂಡಳೇನೋ, ಹೊರಟೇ ಬಿಡುತ್ತಾಳೇನೋ ಎಂದು ಬಾಗಿಲನ್ನೇ ನೋಡುತ್ತಾ ನಿಂತೆ. ಅವಳು ಇನ್ನೂ ಎರಡು ಕುರ್ಚಿ ಎತ್ತಿಕೊಂಡು ಬಂದು ಅಂಗಳದಲ್ಲಿ ಹಾಕಿದಳು.

"ಅಪ್ಪಾ, ನೀನು ಸ್ಟೌ ಹತ್ರ ಹೋಗ್ಬೇಡ. ನಾವು ಕಾಯ್ತೀವಿ. ಡಿಪೋದಲ್ಲಿ ಮೂರು ಗಂಟೆ ಲೇಟಾದ ಬಸ್ಸನ್ನೂ ಜನ ಕಾದು ಹತ್ತಿದ್ದಾರೆ." ನನ್ನ ಕೈಯಿಂದ ಚಾರ್ಟು ಕಿತ್ತುಕೊಂಡಳು, ಸೂಜಿಯನ್ನೂ ಕಿತ್ತುಕೊಂಡಳು. "ನೀನು ಡ್ರಮ್ಮಿಂದ ಈಚೆ ಬಾ. ಭೇಟಿ ಸಮಯ ಮುಗೀತು."

"ಯಾರಿಗೆ ಹೇಳ್ತಾ ಇದ್ದೀಯ ಅದನ್ನ!"

"ಸಿಸ್ಟರ್‌ಗೆ ಹೇಳ್ತಾ ಇದ್ದೀನಿ," ಅಂದಳು ನನ್ನದೇ ವಾರ್ಡಿನ ದನಿ ತೆಗೆದು. ಅತ್ತೆ ನಗಲು ಹೋಗಿ ಕೆಮ್ಮಿ, ಕೆಮ್ಮಲು ಹೋಗಿ ನಕ್ಕು, ಕಣ್ಣೊರೆಸಿಕೊಂಡರು.

ಆ ಮೂರೂವರೆ ಗಂಟೆಯ ಸುಖವನ್ನೂ ಸಂಕಟವನ್ನೂ ಏನೆಂದು ಹೇಳಲಿ. ನಾನು ಗಳಿಗೆಗೊಮ್ಮೆ ಏಳುತ್ತಿದ್ದೆ, ಮೂರು ಜನ ಒಟ್ಟಿಗೆ "ಕೂತ್ಕೋ" ಅನ್ನುತ್ತಿದ್ದರು. ನಮ್ಮವರು ಒಳಗಿಂದ ಒಂದು ಶರ್ಟು ತಂದು ಗುಂಡಿ ಹಚ್ಚುತ್ತಾ ಕೂತರು. ಅತ್ತೆ ಎರಡು ಬಾಳೆಹಣ್ಣು ತಿಂದು, ಇದು ಊಟವಲ್ಲ, ಔಷಧಿ ಎಂದು ಸಮರ್ಥಿಸಿಕೊಂಡರು. ಮಗಳು ತಾನು ಚಿಕ್ಕವಳಿದ್ದಾಗ ಯೂನಿಫಾರ್ಮಿಗೆ ಅಪ್ಪ ಗುಟ್ಟಾಗಿ ಹೊಲಿದುಕೊಟ್ಟ ಮಿಠಾಯಿ ಜೇಬಿನ ಕಥೆ ಹೇಳಿದಳು. ನಾನು ಆ ಕಥೆ ಕೇಳಿಯೇ ಇರಲಿಲ್ಲ. ನನ್ನ ಶಿಫ್ಟಿನಲ್ಲಿ ಕಳೆದುಹೋದ ಮಧ್ಯಾಹ್ನಗಳ ಕಥೆ ಒಂದೊಂದಾಗಿ ಹೊರಗೆ ಬಂತು. ಎರಡು ಗಂಟೆಯ ಮೇಲೆ ನೆತ್ತಿಯ ತೂತಿನಿಂದ ಬರುತ್ತಿದ್ದ ಹೊಗೆ ತೆಳ್ಳಗಾಗಿ, ವಾಸನೆ ಬದಲಾಯಿತು. ಮಾತು ಒಂದೊಂದೇ ನಿಂತು ಎಲ್ಲರ ಮೂಗೂ ಆ ಕಡೆ ತಿರುಗಿತು.

"ಹಾಳಾದ್ದು, ಎಷ್ಟಾಯ್ತು ಗಂಟೆ?" ಅಂದರು ಅತ್ತೆ.

ನಾಲ್ಕಾಯಿತು. ಮಗಳೇ ಸೂಜಿಯನ್ನು ನನ್ನ ಕೈಗೆ ಕೊಟ್ಟಳು. ಇಪ್ಪತ್ತನೇ ಸಲ ಮುಚ್ಚಳ ತೆಗೆದೆ. ಮಾಂಸ ಕಡುಗಪ್ಪಾಗಿ ಹೊಳೆಯುತ್ತಿತ್ತು, ಮೂಳೆಯ ತುದಿ ಬಿಟ್ಟುಕೊಂಡು ಈಚೆ ಬಂದಿತ್ತು. ಚುಚ್ಚಿದರೆ ಸೂಜಿ ಬೆಣ್ಣೆಗೆ ಹೋದ ಹಾಗೆ ಹೋಯಿತು. ತೊಂಬತ್ತಮೂರು!

"ಡಿಸ್ಚಾರ್ಜ್!" ಎಂದು ಕೂಗಿದೆ. ನಮ್ಮವರು ಚಪ್ಪಾಳೆ ತಟ್ಟಿದರು.

ಅರ್ಧ ಗಂಟೆ ಆರಲು ಬಿಟ್ಟು, ಎಳೆ ಎಳೆಯಾಗಿ ಬಿಡಿಸಿ, ಮೊದಲು ಮಗಳ ತಟ್ಟೆಗೆ ಹಾಕಿದೆ. ಬಾಯಿಗಿಟ್ಟುಕೊಂಡಳು. "ತುಂಬಾ ಚೆನ್ನಾಗಿದೆ ಅಮ್ಮಾ," ಅಂದಳು.

ನಾನು ನಂಬಲಿಲ್ಲ. ಹಾಸಿಗೆಯ ಪಕ್ಕ ನಿಂತು "ಗೆಲುವಾಗಿ ಕಾಣ್ತಿದ್ದೀರಿ" ಎಂದು ನಕ್ಕು, ಕಾರಿಡಾರಿಗೆ ಬಂದದ್ದೇ ಮುಖ ಇಳಿಬಿಡುವ ನೆಂಟರನ್ನು ನಾನು ಎಷ್ಟು ಜನರನ್ನು ಕಂಡಿಲ್ಲ. ಮಧ್ಯಾಹ್ನ ಅಷ್ಟು ರಂಪ ಮಾಡಿದ ತಾಯಿಗೆ ಯಾವ ಮಗಳು ಚೆನ್ನಾಗಿಲ್ಲ ಅನ್ನುತ್ತಾಳೆ? ನಮ್ಮವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ಅಗಿದು, "ಉಪ್ಪು ಸರಿಯಾಗಿದೆ," ಅಂದರು. ಅವರ ಬಾಯಲ್ಲಿ ಅದು ದೊಡ್ಡ ಪದಕ. ಆದರೂ ನನ್ನ ಮನಸ್ಸು ನಿಲ್ಲಲಿಲ್ಲ.

ಅಷ್ಟರಲ್ಲಿ ಅಜ್ಜಿ ಮೊಮ್ಮಗಳ ನಡುವೆ ಜಗಳ ಶುರುವಾಗಿತ್ತು. ಮೇಲಿನ ಕಪ್ಪು ಗರಿಗರಿ ತುಂಡೊಂದನ್ನು ಇಬ್ಬರೂ ಒಟ್ಟಿಗೆ ಹಿಡಿದಿದ್ದರು.

"ಅಜ್ಜೀ, ನಿಂಗೆ ಹಲ್ಲಿಲ್ಲ, ಬಿಡು!"

"ಐದಿದೆ. ಐದಕ್ಕೂ ಕೆಲಸ ಬೇಡ್ವಾ? ನೀನು ಬಿಡೇ."

ಅತ್ತೆಯೇ ಗೆದ್ದರು. ಮಗಳು ನಗುತ್ತಾ, ಬಾಯಿ ತುಂಬಿಕೊಂಡೇ, ಅಜ್ಜಿಯ ಮೇಲಿಂದ ಕಣ್ಣು ತೆಗೆಯದೆ, ಖಾಲಿ ತಟ್ಟೆಯನ್ನು ಪಕ್ಕಕ್ಕೆ ಚಾಚಿದಳು. ಪಕ್ಕದಲ್ಲಿ ಕೂತಿದ್ದವರು ಅವಳ ಅಪ್ಪ. ರೂಢಿಯಂತೆ ಅವರ ಕೈ ಸೌಟಿಗೆ ಹೋಯಿತು. ಹೋದದ್ದನ್ನು ಹಾಗೇ ಹಿಂದಕ್ಕೆ ಎಳೆದುಕೊಂಡು ಸೌಟನ್ನು ನನ್ನ ಕಡೆ ಸರಿಸಿದರು.

"ಅಮ್ಮಾ, ಹಾಕಮ್ಮಾ ಬೇಗ, ಅಜ್ಜಿ ಎಲ್ಲಾ ಖಾಲಿ ಮಾಡ್ತಾಳೆ."

ನನ್ನ ಕಡೆ ನೋಡಲೂ ಇಲ್ಲ ಅವಳು. ಸಮಾಧಾನ ಮಾಡುವವರು ಹೀಗೆ ತಟ್ಟೆ ಚಾಚುವುದಿಲ್ಲ, ಹಸಿದವರು ಚಾಚುತ್ತಾರೆ. ಡ್ರಮ್ಮಿನ ಹೊಗೆ ಆಗಲೇ ಆರಿಹೋಗಿತ್ತು, ಕಣ್ಣಿನ ನೀರಿಗೆ ನೆಪ ಹೇಳಲು ಏನೂ ಉಳಿದಿರಲಿಲ್ಲ. ನಾನೂ ನೆಪ ಹೇಳಲು ಹೋಗಲಿಲ್ಲ. ಒಂದು ಸೌಟು ಹಾಕಿದೆ. ತಟ್ಟೆ ಹಿಂದಕ್ಕೆ ಹೋಗಲಿಲ್ಲ. ಇನ್ನೊಂದು ಹಾಕಿದೆ.

"ಸಾಕಾ?"

"ಸಾಕಾದಾಗ ಹೇಳ್ತೀನಮ್ಮಾ. ನೀನು ಹಾಕ್ತಾ ಇರು."

ನಾನು ಹಾಕುತ್ತಲೇ ಇದ್ದೆ.